ಕಡ್ಡಿಯೊಳಗಿನ ಮಣ್ಣು

"ಬೆರಳು ತೆಗೀಬೇಡ," ಅಂದರು ಚಿಕ್ಕಪ್ಪ. "ಇನ್ನೂ ತಿರುಗಿಸ್ತಾ ಇದೀನಿ."

ಗುಬ್ಬಿ ತೆಗೆಯಲಿಲ್ಲ. ತೆಗೆದುಬಿಡು ಅಂತ ಮೈಯ ಒಂದೊಂದು ಕೂದಲೂ ಕೂಗುತ್ತಿತ್ತು. ಆದರೆ ಕೆಲಸವೇ ಹಾಗಿತ್ತು. ಎಂಜಿನ್ನಿನ ಮುಂದುಗಡೆ ನಿಂತ ಚಿಕ್ಕಪ್ಪ ಉದ್ದನೆಯ ಸರಳು ಹಾಕಿ ಕ್ರ್ಯಾಂಕ್ ತಿರುಗಿಸಬೇಕು. ಮೇಲುಗಡೆ ಅವಳು ಎರಡು ಬೆರಳಲ್ಲಿ ಕಡ್ಡಿ ಹಿಡಿದು, ಅದು ಏರಿತೋ ಇಳಿಯಿತೋ ಹೇಳಬೇಕು. ಒಬ್ಬರ ಕೈ ಕಬ್ಬಿಣದ ಹೊರಗೆ, ಇನ್ನೊಬ್ಬರ ಕೈ ಕಬ್ಬಿಣದ ಒಳಗೆ.

ಒಳಗಿದ್ದದ್ದು ಅವಳ ಕೈ.

"ಏರ್ತಿದೆ. ಏರ್ತಿದೆ. ಇಳೀತು. ಸಾಕು."

ಸರಳು ನಿಂತಿತು. ನಿಂತ ಮೇಲೂ ಕೂದಲೆಳೆಯಷ್ಟು ಜರುಗಿತು. ಪಕ್ಕದ ರಾಕರ್ ತೋಳು ಅವಳ ಉಗುರನ್ನು ಸವರಿಕೊಂಡು ಹೋಗಿ ತೆಪ್ಪಗಾಯಿತು. ಬೇಕಂತಲೇ ಹಾಗೆ ಮಾಡಿದರೋ, ಕೈ ಜಾರಿತೋ, ಅವರ ಮುಖ ನೋಡಿ ತಿಳಿದುಕೊಳ್ಳುವಷ್ಟು ಧೈರ್ಯ ಅವಳಿಗಿರಲಿಲ್ಲ.

ಹಿನ್ನೀರು ದಾಟಿಸುವ ಲಾಂಚು ಕೋಡಿಯ ಸೆಳೆತದಲ್ಲಿ ನಿಂತುಹೋಗಿ, ಅದನ್ನು ನಡೆಸುತ್ತಿದ್ದ ಭಾವ, ಅಕ್ಕನ ಗಂಡ, ನೀರುಪಾಲಾದಂದಿನಿಂದ, ಅದರ ಎಂಜಿನ್ ಬಿಚ್ಚಿ ಕಟ್ಟಿದ್ದ ಅಪ್ಪ ಲಾಕಪ್ಪಿನಲ್ಲಿದ್ದರು.

ಮಧ್ಯಾಹ್ನಕ್ಕೆ ಇನ್‌ಸ್ಪೆಕ್ಟರ್ ಮೇಡಂ ಬರುತ್ತಾರೆ. ಅಷ್ಟರೊಳಗೆ ಈ ಎಂಜಿನ್ನಿನಲ್ಲಿ ಅಪ್ಪನದಲ್ಲದ ಇನ್ನೊಂದು ಕೈ ಆಡಿದೆ ಅಂತ ತೋರಿಸಬೇಕು. ತೋರಿಸದಿದ್ದರೆ ಸಂಜೆ ಅಪ್ಪನನ್ನು ದೊಡ್ಡ ಜೈಲಿಗೆ ಸಾಗಿಸುತ್ತಾರೆ. ಶೆಡ್ಡಿನ ಹೊರಗೆ ಕಾವಲಿಗೆ ಕೂತ ಕಾನ್‌ಸ್ಟೇಬಲ್ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಮರದ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದ. ಅವನ ಪಾಲಿಗೆ ಇದು ಮುಗಿದ ಕೇಸು.

"ಬಿಚ್ಚು," ಅಂದರು ಚಿಕ್ಕಪ್ಪ.

ಅವಳು ನಟ್ಟಿಗೆ ಪಾನ ಹಾಕಿ ನಿಧಾನಕ್ಕೆ ಸಡಿಲಿಸಿದಳು. ಎಡಗೈ ಬೆರಳಲ್ಲಿ ಕಡ್ಡಿಯನ್ನು ಹೊಸೆಯುತ್ತಲೇ ಇದ್ದಳು. ಅದು ಹೊರಳಲಿಲ್ಲ. ಅರ್ಧ ಸುತ್ತು ಬಿಚ್ಚಿದಳು, ಹೊರಳಲಿಲ್ಲ. ಒಂದು ಸುತ್ತಿಗೂ ಇಲ್ಲ. ಒಂದೂವರೆಗೆ ಬಂದಾಗ ಕಡ್ಡಿ ಬೆರಳ ನಡುವೆ ಸಲೀಸಾಗಿ ತಿರುಗಿತು.

"ಒಂದೂವರೆ," ಅಂದಳು. "ಇದೂ ಒಂದೂವರೆ, ಚಿಕ್ಕಪ್ಪ."

"ಹೂಂ."

ಆ ಮನೆಯಲ್ಲಿ ಪುಶ್‌ರಾಡ್ ಅಂತ ಯಾರೂ ಅನ್ನುತ್ತಿರಲಿಲ್ಲ, ಕಡ್ಡಿ ಅನ್ನುತ್ತಿದ್ದರು. ಕೆಳಗೆ ಲಿಫ್ಟರು, ಮೇಲೆ ರಾಕರು, ನಡುವೆ ಕಡ್ಡಿ. ಲಿಫ್ಟರು ಕಡ್ಡಿಯನ್ನು ಎತ್ತಿದರೆ ರಾಕರು ವಾಲ್ವನ್ನು ಒತ್ತಿ ತೆರೆಯುತ್ತದೆ. ಲಿಫ್ಟರಿನ ಹೊಟ್ಟೆಯಲ್ಲಿ ಒಂದು ಪುಟ್ಟ ಬಟ್ಟಲು, ಬಟ್ಟಲಿನಡಿ ಸ್ಪ್ರಿಂಗು, ಅದರ ಸುತ್ತ ಎಣ್ಣೆ. ನಟ್ ಬಿಗಿಯುತ್ತಾ ಹೋದರೆ ಕಡ್ಡಿಯ ಸಡಿಲ ಕಳೆಯುವ ಒಂದು ಗಳಿಗೆ ಬರುತ್ತದೆ. ಅದು ಸೊನ್ನೆ. ಸೊನ್ನೆಯಿಂದಾಚೆಗೆ ಬಟ್ಟಲನ್ನು ಎಷ್ಟು ಒಳಕ್ಕೆ ಒತ್ತುತ್ತೇವೋ ಅದು ಒತ್ತು. ಈ ಎಂಜಿನ್ನಿಗೆ ಅಪ್ಪ ಕೊಡುವುದು ಅರ್ಧ ಸುತ್ತಿನ ಒತ್ತು. ಅರ್ಧ ಅಂದರೆ ಅರ್ಧ.

ನಿನ್ನೆ ಸ್ಟೇಷನ್ನಿಗೆ ಹೋದಾಗ ಅಪ್ಪ ಕಂಬಿಯ ಹತ್ತಿರ ಬಂದು ಮೊದಲು ಕೇಳಿದ್ದೇ ಅದು. "ಗುಬ್ಬೀ, ನಾನು ಅರ್ಧವೇ ತಾನೇ ಕೊಟ್ಟಿದ್ದು? ನೀನು ಪಕ್ಕದಲ್ಲೇ ಇದ್ದೆಯಲ್ಲ?" ತಮ್ಮ ಕೈಯನ್ನೇ ತಾವು ಅಪರಿಚಿತರ ಕೈಯನ್ನು ನೋಡಿದ ಹಾಗೆ ನೋಡಿಕೊಳ್ಳುತ್ತಿದ್ದರು. ಅವಳು ಹೌದು ಅಂದಿದ್ದಳು. ಅವರು ನಂಬಿರಲಿಲ್ಲ.

"ನಿಮ್ಮಪ್ಪನ ಕೈ ಸೋತಿದೆ ಕಣೆ," ಅಂದರು ಚಿಕ್ಕಪ್ಪ ಈಗ, ಸರಳಿಗೆ ಒರಗಿಕೊಂಡು. "ಬೇಜಾರು ಮಾಡ್ಕೋಬೇಡ. ವಯಸ್ಸಾದ ಮೇಲೆ ಎಲ್ಲರ ಕೈಯೂ ಸೋಲತ್ತೆ. ಸೊನ್ನೆ ಬಂದಿದ್ದು ಬೆರಳಿಗೆ ತಿಳಿದಿರಲ್ಲ. ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ ಅಂತ ಬಿಗೀತಾ ಹೋಗಿರ್ತಾನೆ."

"ಕೈ ಸೋತಿದ್ರೆ ಒಂದು ಹೆಚ್ಚು ಒಂದು ಕಮ್ಮಿ ಆಗ್ಬೇಕಲ್ವಾ?"

"ಏನಂದೆ?"

ಗುಬ್ಬಿಗೆ ಆ ಹೆಸರು ಬಂದದ್ದೇ ಅವಳ ಧ್ವನಿಯಿಂದ. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಅವಳು ಹೇಳಿದ 'ಎಸ್ ಮೇಡಂ' ಎರಡನೇ ಬೆಂಚಿಗೂ ಮುಟ್ಟುತ್ತಿರಲಿಲ್ಲ. ಉಗುಳು ನುಂಗಿಕೊಂಡು ಮತ್ತೆ ಹೇಳಿದಳು. "ನೋಡಿರೋ ನಾಲ್ಕೂ ಒಂದೂವರೇನೇ ಇದೆ, ಚಿಕ್ಕಪ್ಪ. ಸೋತ ಕೈ ಇಷ್ಟು ಒಂದೇ ಸಮ ಸೋಲಲ್ಲ. ಯಾರೋ ಅಪ್ಪ ಕೊಟ್ಟ ಅರ್ಧದ ಮೇಲೆ ಒಂದೊಂದು ಸುತ್ತು ಎಣಿಸಿ ಕೊಟ್ಟಿದ್ದಾರೆ."

ಚಿಕ್ಕಪ್ಪ ನಕ್ಕರು. ಹಲ್ಲು ಮಾತ್ರ ಕಂಡಿತು.

"ಡಿಗ್ರಿ ಮಾಡಿದ ಹುಡುಗಿ ಅಂದ್ರೆ ಸುಮ್ನೇನಾ. ಪತ್ತೇದಾರಿಕೆ ಮನೆಯಲ್ಲೇ ಹುಟ್ಟಿಬಿಟ್ಟಿದೆ. ನಡಿ, ಮುಂದಿನ್ದು ನೋಡೋಣ. ಎಂಟೂ ಮುಗಿದ್ರೆ ಮೇಡಂ ಸಮಾಧಾನ ಆಗ್ತಾರೆ."

ಸರಳು ಮತ್ತೆ ತಿರುಗತೊಡಗಿತು.

ಮೂರನೇ ಸಿಲಿಂಡರಿನ ಹತ್ತಿರ ಬಂದಾಗ ಅವಳ ಕಣ್ಣು ಒಂದು ನಟ್ಟಿನ ಮೇಲೆ ನಿಂತುಬಿಟ್ಟಿತು. ಬೇರೆಲ್ಲ ನಟ್ಟುಗಳ ಮೇಲೆ ಬೋಲ್ಟಿನ ಎಳೆಗಳು ಒಂದೇ ಅಳತೆಗೆ ಇಣುಕುತ್ತಿದ್ದವು. ಇದೊಂದರಲ್ಲಿ ಕಮ್ಮಿ. ಸಾಲಿನಲ್ಲಿ ನಿಂತ ಮಕ್ಕಳಲ್ಲಿ ಒಬ್ಬ ಮೆಲ್ಲಗೆ ಹಿಮ್ಮಡಿ ಎತ್ತಿದ ಹಾಗೆ, ಈ ನಟ್ಟು ಮಾತ್ರ ಎತ್ತರಕ್ಕೆ ಕೂತಿತ್ತು.

ನಟ್ಟು ಎತ್ತರ ಕೂತಿದೆ ಅಂದರೆ ಅದರ ಕೆಳಗಿನ ಕಡ್ಡಿ ಉದ್ದ ಇದೆ.

ಸಿಲಿಂಡರುಗಳ ಮೇಲೆ ಕೂರುವ ಹೆಡ್ಡಿನ ಮುಖ ಬಾಗಿತ್ತು ಅಂತ ಈ ಸಲ ಅಪ್ಪ ಅದನ್ನು ಉಜ್ಜಿಸಿ ತೆಳ್ಳಗೆ ಮಾಡಿಸಿದ್ದರು. ಹೆಡ್ಡು ಕೆಳಗಿಳಿದ ಮೇಲೆ ಹಳೆಯ ಕಡ್ಡಿಗಳು ಉದ್ದವಾದವು. ಅದಕ್ಕೇ ಅಳೆದು ನೋಡಿ ಎಂಟಕ್ಕೆ ಎಂಟೂ ಗಿಡ್ಡ ಕಡ್ಡಿ ತರಿಸಿದ್ದರು. ಹಾಕುವಾಗ ಗುಬ್ಬಿಯೇ ಒಂದೊಂದಾಗಿ ಕೈಗೆ ಕೊಟ್ಟಿದ್ದಳು.

"ಇದನ್ನ ಹೊರಗೆ ತೆಗೀತೀನಿ," ಅಂದಳು.

"ಯಾಕೆ? ಬಿಚ್ಚಿ ಎಣಿಸು, ಸಾಕು."

"ಸ್ವಲ್ಪ ನೋಡ್ಬೇಕು."

"ಅದನ್ನೆಲ್ಲ ಕಿತ್ತು ಹರಡ್ಕೊಂಡ್ರೆ ಮಧ್ಯಾಹ್ನಕ್ಕೆ ಮುಗಿಯಲ್ಲ, ಗುಬ್ಬಿ."

ಅವಳು ನಟ್ಟು ಬಿಚ್ಚಿ, ರಾಕರ್ ಸರಿಸಿ, ಕಡ್ಡಿಯನ್ನು ಮೇಲಕ್ಕೆಳೆದಳು. ರಾಕರ್ ಕೂರುವ ಗುಂಡಿ ನೀಲಿಗಟ್ಟಿತ್ತು. ಎಣ್ಣೆ ಕಾಣದೆ ಸುಟ್ಟ ನೀಲಿ.

ಹಿಂದೆ ಶೆಡ್ಡಿನ ಬಾಗಿಲು ಕಿರುಗುಟ್ಟಿತು. ತಿರುಗಿ ನೋಡಿದಳು. ಚಿಕ್ಕಪ್ಪ ಒಂದು ಬಾಗಿಲನ್ನು ಎಳೆದು ಮುಚ್ಚಿ, ಇನ್ನೊಂದನ್ನು ಅರ್ಧಕ್ಕೆ ತರುತ್ತಿದ್ದರು.

"ಧೂಳು ಬರತ್ತೆ," ಅಂದರು.

ಹೊರಗೆ ಎಲೆಯೂ ಅಲುಗುತ್ತಿರಲಿಲ್ಲ.

ಈ ಶೆಡ್ಡಿನಲ್ಲೇ ಅವಳು ಅಂಬೆಗಾಲಿಟ್ಟಿದ್ದಳು, ಈ ಮನುಷ್ಯನ ಹೆಗಲ ಮೇಲೆ ಕೂತೇ ದೋಣಿಕಟ್ಟೆ ನೋಡಿದ್ದಳು. ಈಗ ಅವರು ನಡೆದುಬರುವ ಹೆಜ್ಜೆಗಳನ್ನು ಎಣಿಸುತ್ತಿದ್ದಳು. ಬಾಗಿಲಿಗೂ ತನಗೂ ನಡುವೆ ಎಂಜಿನ್ನು, ಎಂಜಿನ್ನಿಗೂ ಬಾಗಿಲಿಗೂ ನಡುವೆ ಚಿಕ್ಕಪ್ಪ.

ಪಕ್ಕದ ಕಡ್ಡಿಯನ್ನೂ ಎಳೆದು ಎರಡನ್ನೂ ಬೆಂಚಿನ ಮೇಲೆ ಒಟ್ಟಿಗೆ ನಿಲ್ಲಿಸಿದಳು. ಒಂದು ಇನ್ನೊಂದಕ್ಕಿಂತ ಉದ್ದವಿತ್ತು. ಬೆರಳ ತುದಿಯಿಂದ ಸವರಿದರೆ ಮೆಟ್ಟಿಲು ಸಿಗುವಷ್ಟು.

"ಹಳೇ ಸೆಟ್ಟಿಂದು," ಅಂದಳು.

"ಬೆರೆತಿರತ್ತೆ. ನಿಮ್ಮಪ್ಪ ಮರ್ತು ಹಾಕಿರ್ತಾನೆ."

ಕಡ್ಡಿ ಒಳಗೆ ಟೊಳ್ಳು. ಆ ಟೊಳ್ಳಿನಲ್ಲೇ ಎಣ್ಣೆ ಮೇಲಕ್ಕೆ ಹತ್ತಿ ರಾಕರನ್ನು ತೋಯಿಸುವುದು. ಅಪ್ಪ ಯಾವ ಕಡ್ಡಿಯನ್ನೂ ಹಾಗೇ ಇಳಿಬಿಟ್ಟವರಲ್ಲ. ಮೊದಲು ತುಟಿಗಿಟ್ಟು ಊದಿ, ಆಮೇಲೆ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. "ಶುರುವಾಯ್ತು ಕೊಳಲು ಕಛೇರಿ," ಅಂತ ಚಿಕ್ಕಪ್ಪ ಪ್ರತಿ ಸಲ ಆಡಿಕೊಳ್ಳುತ್ತಿದ್ದರು. "ಟಿಕೆಟ್ ಎಷ್ಟಣ್ಣ?"

ಗುಬ್ಬಿ ಕಡ್ಡಿಯನ್ನು ಕಿಟಕಿಗೆ ಹಿಡಿದಳು. ಬೆಳಕು ತೂರಲಿಲ್ಲ.

ಬೆಂಚಿನ ಮೇಲಿದ್ದ ತೆಳು ತಂತಿಯನ್ನು ಒಳಗೆ ತೂರಿಸಿ ಕೆದಕಿದಳು. ಮೊದಲು ಕಪ್ಪಗಿನ ಜಿಡ್ಡು ಬಂತು. ಆಮೇಲೆ ಎಣ್ಣೆ ಕುಡಿದು ಗಟ್ಟಿಯಾದ ಒಂದು ಚೂರು ಅಂಗೈ ಮೇಲೆ ಉದುರಿತು. ಬೆರಳಲ್ಲಿ ಉಜ್ಜಿದಳು. ಮಣ್ಣು. ಮಣ್ಣಿನಲ್ಲಿ ಕೂದಲಿಗಿಂತ ಸಣ್ಣಗಿನ ಒಂದು ಬೇರು.

ಎಂಜಿನ್ನಿನ ಹೊಟ್ಟೆಯಲ್ಲಿ ಬೇರು ಎಲ್ಲಿಂದ ಬರಬೇಕು?

ಎಲ್ಲಿಂದ ಅಂತ ಅವಳಿಗೆ ಆ ಕ್ಷಣವೇ ಹೊಳೆಯಿತು. ಹಳೆಯ ಕಡ್ಡಿಗಳನ್ನು ಅಪ್ಪ ಎಸೆದಿರಲಿಲ್ಲ. ಮನೆಗೆ ತಂದು ಅಜ್ಜಿಗೆ ಕೊಟ್ಟಿದ್ದರು. ಅಜ್ಜಿ ಅವನ್ನು ಅಡುಗೆಮನೆ ಕಿಟಕಿಯ ಕುಂಡಗಳಿಗೆ ಒಂದೊಂದಾಗಿ ಚುಚ್ಚಿ, ಬಳ್ಳಿ ಹಬ್ಬಿಸಿದ್ದಳು. ಭಾವ ತೀರಿಕೊಂಡ ಮಾರನೇ ದಿನ, ಮನೆತುಂಬ ಅಳು ಇರುವಾಗ, ಅಜ್ಜಿ ಕಿಟಕಿಯ ಹತ್ತಿರ ನಿಂತು ಗೊಣಗಿದ್ದಳು. "ನನ್ನ ಬಳ್ಳಿ ಕಡ್ಡಿ ಯಾವ ಪುಣ್ಯಾತ್ಮರು ಕಿತ್ತರೋ. ನೆಲಕ್ಕೆ ಬಿದ್ದು ಕೊಳೀತಾ ಇದೆ." ಸಾವಿನ ಮನೆಯಲ್ಲಿ ಬಳ್ಳಿಯ ಚಿಂತೆ ನೋಡು ಅಂತ ಎಲ್ಲರೂ ಮುಖ ತಿರುಗಿಸಿದ್ದರು.

ಹೊರಗಿನವರು ಯಾರೂ ಆ ಕಿಟಕಿಯ ಹತ್ತಿರ ಹೋಗುವುದಿಲ್ಲ.

"ಏನದು?" ಚಿಕ್ಕಪ್ಪನ ಧ್ವನಿ ತೀರಾ ಹತ್ತಿರದಲ್ಲಿತ್ತು.

ಅವಳು ಮುಷ್ಟಿ ಮುಚ್ಚಿದಳು. "ಏನಿಲ್ಲ. ಜಿಡ್ಡು."

"ಹಾಗಾದ್ರೆ ವಾಪಸ್ ಹಾಕು. ಮುಂದಕ್ಕೆ ತಿರುಗಿಸ್ತೀನಿ."

ಬಲಗೈಯಲ್ಲಿ ಆ ಮಣ್ಣಿನ ಜೊತೆಗೇ ಉದ್ದ ಕಡ್ಡಿ ಹಿಡಿದು, ಎಡಗೈಯನ್ನು ರಾಕರುಗಳ ಸಾಲಿನ ಮೇಲೆ ಊರಿ ಬಗ್ಗಿದಳು. ತೂತು ಹುಡುಕುವ ಹೊತ್ತಿಗೆ ಕ್ರ್ಯಾಂಕು ತಿರುಗಿತು. ಅವಳು 'ಹೂಂ' ಅಂದಿರಲಿಲ್ಲ. ಪಕ್ಕದ ವಾಲ್ವಿನ ಸ್ಪ್ರಿಂಗು ಕುಗ್ಗಿತು. ಅದರ ಸುರುಳಿಗಳ ನಡುವೆ ಅವಳ ಕಿರುಬೆರಳ ತುದಿ ಸಿಕ್ಕಿಕೊಂಡಿತು.

ಕಿರುಚಬೇಕು ಅಂದುಕೊಂಡಳು. ಉಸಿರಷ್ಟೇ ಬಂತು.

"ಚಿಕ್ಕಪ್ಪ, ಬೆರಳು."

ಸರಳು ಅಲುಗಲಿಲ್ಲ. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಇನ್ನೊಂದಿಷ್ಟು ತಿರುಗಿದರೆ ಮೂಳೆ.

"ಕೈಯಲ್ಲೇನಿದೆ?" ಅಂದರು ಮೆಲ್ಲಗೆ.

"ಮಣ್ಣು."

"ಯಾವ ಮಣ್ಣು?"

"ಅಜ್ಜಿ ಕುಂಡದ ಮಣ್ಣು, ಚಿಕ್ಕಪ್ಪ." ಕಣ್ಣೀರು ಮೂಗಿನ ತುದಿಯಿಂದ ಹೆಡ್ಡಿನ ಮೇಲೆ ತೊಟ್ಟಿಕ್ಕಿತು. "ಅಪ್ಪ ಊದದೆ ಹಾಕಲ್ಲ. ನಾವೆಲ್ಲ ಊದೋದನ್ನ ಅವರಿಂದಲೇ ಕಲಿತ್ವಿ. ಊದದೇ ಹಾಕೋರು ನಮ್ಮನೇಲಿ ಒಬ್ಬರೇ ಇದ್ದಾರೆ."

ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಹೊರಗೆ ಕಾನ್‌ಸ್ಟೇಬಲ್ಲನ ಗೊರಕೆ ಒಂದೇ ಲಯದಲ್ಲಿ ಏರಿಳಿಯುತ್ತಿತ್ತು.

ಸ್ಪ್ರಿಂಗು ಬಿಚ್ಚಿಕೊಂಡಿತು.

ಬೆರಳನ್ನು ಬಾಯಿಗಿಟ್ಟುಕೊಂಡು ಗೋಡೆಗೆ ಅಂಟಿ ನಿಂತಳು. ಚಿಕ್ಕಪ್ಪ ಸರಳನ್ನು ಕ್ರ್ಯಾಂಕಿನಿಂದ ಕಳಚಿ ಕೈಯಲ್ಲಿ ಹಿಡಿದಿದ್ದರು. ಆ ಸರಳು, ಆ ಕೈ, ಅರ್ಧ ಮುಚ್ಚಿದ ಬಾಗಿಲು. ಆದರೆ ಅವರು ಸರಳನ್ನು ನೆಲಕ್ಕೆ ಹಾಕಿ, ಡಬ್ಬವೊಂದನ್ನು ಮಗುಚಿ ಅದರ ಮೇಲೆ ಕುಸಿದು ಕೂತರು.

"ನಾನು ಅವನನ್ನ ಸಾಯಿಸ್ಬೇಕು ಅಂತ ಮಾಡ್ಲಿಲ್ಲ ಗುಬ್ಬಿ."

ಅವಳು ಬಾಯಿಂದ ಬೆರಳು ತೆಗೆದಳು.

"ಲಾಂಚು ಹೊರಡಬಾರದು, ಅಷ್ಟೇ. ಕಟ್ಟೆಯಲ್ಲೇ ನಿಂತಿರ್ಬೇಕು. ನಿಮ್ಮಪ್ಪ ಟ್ರಯಲ್ ಮುಗಿಸಿ ಹೋದ ಮೇಲೆ ನಾನು ಮುಚ್ಚಳ ಬಿಚ್ಚಿದೆ. ಲಿಫ್ಟರಲ್ಲಿ ಎಣ್ಣೆ ತುಂಬಿತ್ತು. ತುಂಬಿದ ಲಿಫ್ಟರಿಗೆ ಒತ್ತು ಜಾಸ್ತಿ ಕೊಟ್ರೆ ಏನಾಗತ್ತೆ? ಹೇಳು."

ಆ ಹೊತ್ತಿನಲ್ಲೂ ಅವರ ಧ್ವನಿಯಲ್ಲಿ ಪಾಠ ಒಪ್ಪಿಸಿಕೊಳ್ಳುವ ಹಳೆಯ ಅಭ್ಯಾಸ ಇಣುಕಿತು. ಗುಬ್ಬಿಯೂ ಹಳೆಯ ಅಭ್ಯಾಸದಂತೆಯೇ ಉತ್ತರ ಕೊಟ್ಟಳು.

"ಎಣ್ಣೆ ಜಾಗ ಬಿಡಲ್ಲ. ವಾಲ್ವು ಬಾಯಿ ತಕ್ಕೊಂಡೇ ಇರತ್ತೆ. ಎಂಜಿನ್ ಸ್ಟಾರ್ಟ್ ಆಗಲ್ಲ."

"ಹಾಂ. ಅದೇ ಲೆಕ್ಕ. ಅವಸರದಲ್ಲಿ ಎಣ್ಣೆ ಇಳಿಯೋಕೆ ಬಿಡದೇ ಕ್ರ್ಯಾಂಕ್ ತಿರುಗಿಸಿಬಿಟ್ಟೆ. ತೆರೆದ ವಾಲ್ವಿಗೆ ಪಿಸ್ಟನ್ ಗುದ್ದಿ ಒಂದು ಕಡ್ಡಿ ಬಾಗಿತು. ಸ್ಟೋರ್ ಬೀಗದ ಕೈ ನಿಮ್ಮಪ್ಪನ ಜೇಬಲ್ಲಿ. ಬೇರೆ ಕಡ್ಡಿ ಎಲ್ಲಿಂದ ತರ್ಲಿ? ಕುಂಡದ್ದು ಬಂತು. ಒರೆಸಿ ಇಳಿಬಿಟ್ಟೆ. ಊದ್ಲಿಲ್ಲ." ಅವರು ಅಂಗೈಯಿಂದ ಮುಖ ಉಜ್ಜಿಕೊಂಡರು. "ಊದ್ಬೇಕಿತ್ತು."

"ಆದ್ರೆ ಬೆಳಗಾಗೋ ಹೊತ್ತಿಗೆ ಲಿಫ್ಟರು ಉಸಿರು ಬಿಟ್ಟಿರತ್ತಲ್ಲ, ಚಿಕ್ಕಪ್ಪ."

ಅದೂ ಮನೆಯ ಮಾತೇ. ಒತ್ತಡದಲ್ಲಿ ನಿಂತ ಲಿಫ್ಟರು ಹೊತ್ತು ಕಳೆದಂತೆ ಎಣ್ಣೆ ಜಿನುಗಿಸಿ ಕುಗ್ಗುತ್ತದೆ. ವಾಲ್ವು ತಾನಾಗಿ ಮುಚ್ಚಿಕೊಳ್ಳುತ್ತದೆ. ಎಂಜಿನ್ನು ಏನೂ ಆಗಿಲ್ಲದ ಹಾಗೆ ಸ್ಟಾರ್ಟ್ ಆಗುತ್ತದೆ. ನಿಧಾನಕ್ಕೆ ಹೋದರೆ ಹೋಗುತ್ತಲೇ ಇರುತ್ತದೆ. ಎಲ್ಲಾದರೂ ಪೂರ್ತಿ ವೇಗ ಕೊಟ್ಟರೆ ಮಾತ್ರ, ಕುಗ್ಗಿದ ಲಿಫ್ಟರುಗಳೆಲ್ಲ ಎಣ್ಣೆ ಹೀರಿ ಉಬ್ಬಿ, ವಾಲ್ವುಗಳನ್ನು ಮುಚ್ಚಲು ಬಿಡದೆ ಎಂಜಿನ್ನಿನ ಉಸಿರು ಕಟ್ಟಿಸುತ್ತವೆ.

ಹಿನ್ನೀರಿನಲ್ಲಿ ಪೂರ್ತಿ ವೇಗ ಕೊಡಬೇಕಾದ ಜಾಗ ಒಂದೇ. ಕೋಡಿಯ ಸೆಳೆತ.

ದಡದಲ್ಲಿ ಬಲೆ ಹಾಕುತ್ತಿದ್ದವನು ಹೇಳಿದ್ದೂ ಅದನ್ನೇ. ಎಂಜಿನ್ನು ಒಮ್ಮೆ ಗರ್ಜಿಸಿ, ಕೆಮ್ಮಿ, ಸತ್ತಿತು. ಕೋಡಿ ಗೋಡೆಗೆ ಸಿಕ್ಕಿಕೊಂಡಿದ್ದ ಲಾಂಚನ್ನು ಎಳೆತಂದು ಪೊಲೀಸರು ಕೀಲಿ ತಿರುಗಿಸಿದಾಗ ಮೊದಲ ಸಲಕ್ಕೇ ಗುರ್ ಅಂದಿತ್ತು. ಅಷ್ಟು ಹೊತ್ತಿಗೆ ಅದು ಮತ್ತೆ ಉಸಿರು ಬಿಟ್ಟಿತ್ತು.

"ನನಗೆ ಗೊತ್ತಿರ್ಲಿಲ್ವಾ?" ಅಂದರು ಚಿಕ್ಕಪ್ಪ. "ಅದಕ್ಕೇ ನಾನು ಬೆಳಿಗ್ಗೆ ಎದ್ದು ಮಾಡ್ತೀನಿ ಅಂದೆ. ಅವನು ಬರೋಕೆ ಸ್ವಲ್ಪ ಮುಂಚೆ. ಎಂಜಿನ್ ಒಂದ್ಸಲ ಓಡಿಸಿ, ಎಣ್ಣೆ ತುಂಬಿದಾಗಲೇ ಬಿಗಿದುಬಿಟ್ರೆ ಅವನು ಎಷ್ಟು ಒದ್ದಾಡಿದ್ರೂ ಹೊರಡಲ್ಲ."

"ಮತ್ತೆ ಯಾಕೆ ಸಂಜೆ ಮಾಡಿದ್ರಿ?"

ಚಿಕ್ಕಪ್ಪ ತಲೆ ಎತ್ತಲಿಲ್ಲ. ನೆಲದ ಮೇಲಿನ ಎಣ್ಣೆಯ ಕಲೆಗೆ ಮಾತಾಡುತ್ತಿರುವವರಂತೆ ಹೇಳಿದರು.

"ಅವಳು ಸಂಜೇನೇ ಮಾಡಿ ಅಂದ್ಲು."

"ಯಾರು?"

"ಬೆಳಿಗ್ಗೆ ಅವರು ನನ್ನ ಜೊತೆಗೇ ಏಳ್ತಾರೆ, ನೀವು ಸಿಕ್ಕಿಬೀಳ್ತೀರಿ ಅಂದ್ಲು. ಒಂದು ಸುತ್ತು ಪೂರ್ತಿ ಕೊಟ್ಟುಬಿಡಿ ಚಿಕ್ಕಪ್ಪ, ಆಗ ಬೆಳಗಿನವರೆಗೂ ಉಸಿರು ಬಿಡಲ್ಲ ಅಂದ್ಲು. ಎದುರಿಗೆ ನಿಂತು ಅಳ್ತಾ ಇದ್ಲು. ನಾಳೆ ಆಚೆ ದಡಕ್ಕೆ ಹೋದ್ರೆ ಅವರು ವಾಪಸ್ ಬರಲ್ಲ, ಇನ್ನೊಬ್ಬಳ ಮನೇಲಿ ಇದ್ದುಬಿಡ್ತಾರೆ, ಒಂದು ದಿನ ತಡೆದುಕೊಡಿ ಅಂತ. ಹೆತ್ತ ಮಗಳು ಅತ್ತ ಹಾಗಾಯ್ತು ನನಗೆ. ಹೌದಲ್ಲ ಅಂದ್ಕೊಂಡೆ. ಕಡ್ಡಿ ಬಾಗಿದಾಗ ಓಡಿಹೋಗಿ ಕುಂಡದ್ದು ಕಿತ್ಕೊಂಡು ಬಂದೋಳೂ ಅವಳೇ."

ಭಾವನ ಜೊತೆಗೇ ಏಳುವವಳು ಒಬ್ಬಳೇ.

ಅಕ್ಕ.

ಅಪ್ಪನ ಕೈ ಬಂದಿರುವುದು ಅಕ್ಕನಿಗೇ ಅಂತ ಶೆಡ್ಡಿಗೆ ಬಂದವರೆಲ್ಲ ಅನ್ನುತ್ತಿದ್ದರು. ಮದುವೆಗೆ ಮುಂಚೆ ಅಪ್ಪನ ಎದುರು ಡಬ್ಬದ ಮೇಲೆ ಕೂತು ಅಕ್ಕ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದಳು. ಒತ್ತು ಕಮ್ಮಿಯಾದರೆ ಎಂಜಿನ್ನು ಬಡಬಡಿಸುತ್ತೆ. ಒತ್ತು ಜಾಸ್ತಿಯಾದರೆ ಮೆಲ್ಲಗೆ ಹೋಗುವಾಗ ಜೇನಿನ ಹಾಗಿರುತ್ತೆ, ಜೋರಾಗಿ ಬಿಟ್ಟಾಗ ಸಾಯುತ್ತೆ. ತಪ್ಪಿದ್ದರೆ ಚಿಕ್ಕಪ್ಪ ತಪ್ಪಿರಬಹುದು. ಅಕ್ಕ ಇದರಲ್ಲಿ ತಪ್ಪುವವಳಲ್ಲ.

ಹಾಗಾದರೆ ಅವಳು ಸಂಜೆ ಅಂದದ್ದು ಗೊತ್ತಿಲ್ಲದೆ ಅಲ್ಲ.

"ಚಿಕ್ಕಪ್ಪ, ಅವಳಿಗೆ..."

"ನನಗೂ ಆಮೇಲೇ ಹೊಳೆದಿದ್ದು," ಅಂದರು ಅವರು. ಅವರ ತುಟಿ ಬಣ್ಣ ಕಳೆದುಕೊಂಡಿತ್ತು. "ಹೆಣ ತಂದ ದಿನ ಅವಳ ಮುಖ ನೋಡಿದೆ. ಅವತ್ತಿಂದ ನನಗೆ ನಿದ್ದೆ ಇಲ್ಲ. ನನಗೆ ಪೊಲೀಸರ ಭಯ ಇಲ್ಲ ಗುಬ್ಬಿ."

"ಬಾಗಿಲು ಯಾಕೆ ಅರ್ಧ ಹಾಕಿದೀರಿ?"

ಇಬ್ಬರೂ ಬೆಚ್ಚಿ ತಿರುಗಿದರು.

ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ಕೈಯಲ್ಲಿ ಊಟದ ಕ್ಯಾರಿಯರು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಿಸಿಲಿನಿಂದ ಬಂದವಳ ಹಣೆಯಲ್ಲಿ ಒಂದು ಹನಿ ಬೆವರಿರಲಿಲ್ಲ, ಏದುಸಿರಿರಲಿಲ್ಲ. ನೆರಳಲ್ಲಿ ಸುಧಾರಿಸಿಕೊಂಡವಳ ಹಾಗೆ ಇದ್ದಳು.

"ಒಳ್ಳೇ ಸೆಕೆ," ಅಂದಳು ಒಳಗೆ ಬಂದು. "ಬೆಳಿಗ್ಗೆಯಿಂದ ಏನೂ ತಿಂದಿಲ್ವಂತೆ ಇಬ್ಬರೂ. ಅಜ್ಜಿ ಹೇಳಿದ್ಲು." ಗುಬ್ಬಿಯ ಕೈ ಹಿಡಿದು ಬೆರಳು ನೋಡಿದಳು. ಊದಿದಳು. "ಅಯ್ಯೋ, ರಕ್ತ. ಚಿಕ್ಕಪ್ಪನ ಜೊತೆ ಕೆಲಸ ಮಾಡುವಾಗ ಹುಷಾರಾಗಿರ್ಬೇಕು ಕಣೆ. ಅವರಿಗೆ ಅವಸರ ಜಾಸ್ತಿ."

ಅವಳ ಬೆರಳು ತಣ್ಣಗಿತ್ತು. ಗುಬ್ಬಿಗೆ ಕೈ ಎಳೆದುಕೊಳ್ಳಲಾಗಲಿಲ್ಲ.

ಹೊರಗೆ ಜೀಪು ನಿಂತ ಸದ್ದಾಯಿತು. ಕಾನ್‌ಸ್ಟೇಬಲ್ ಧಡಕ್ಕನೆ ಎದ್ದು ಬೂಟು ಅಪ್ಪಳಿಸಿದ ಸದ್ದೂ ಬಂತು. ಇನ್‌ಸ್ಪೆಕ್ಟರ್ ಮೇಡಂ ಬಾಗಿಲನ್ನು ಪೂರ್ತಿ ತಳ್ಳಿಕೊಂಡು ಒಳಗೆ ಬಂದರು. ಬೆಳಕು ಬಂತು, ಗುಬ್ಬಿಗೆ ಉಸಿರು ಬಂತು.

"ಏನಮ್ಮ, ಏನಾದ್ರೂ ಸಿಕ್ತಾ?"

ಸಿಕ್ಕಿತ್ತು. ಅವಳು ತೋರಿಸಿದಳು. ಮೊದಲು ಮಾತು ತೊದಲಿತು. ಆಮೇಲೆ ನಟ್ಟು, ಸುತ್ತು, ಕಡ್ಡಿ ಅನ್ನುವಾಗ ತಾನಾಗಿ ನೇರವಾಯಿತು. ನೋಡಿದಷ್ಟರಲ್ಲೂ ಒಂದೇ ಸಮ ಹೆಚ್ಚಿಸಿದ ಒತ್ತು. ಒಂದು ಕಡ್ಡಿ ಮಾತ್ರ ಉದ್ದ. ಅದರೊಳಗೆ ಕುಂಡದ ಮಣ್ಣು. ಟ್ರಯಲ್ ಆದ ಮೇಲೆ ಯಾರೋ ಮುಚ್ಚಳ ತೆಗೆದಿದ್ದಾರೆ. ಮೆಲ್ಲಗೆ ಓಡಿ, ಸೆಳೆತದಲ್ಲಿ ಸಾಯುವ ಹಾಗೆ ಎಂಜಿನ್ನನ್ನು ಕಟ್ಟಿದ್ದಾರೆ.

ಇಷ್ಟುದ್ದ ಮಾತು ಜನ್ಮದಲ್ಲಿ ಆಡಿರಲಿಲ್ಲ ಅವಳು.

ಮೇಡಂ ಕಡ್ಡಿಯನ್ನು ಕರವಸ್ತ್ರದಲ್ಲಿ ಹಿಡಿದು ತಿರುಗಿಸಿ ನೋಡಿದರು. "ಅಂದ್ರೆ ಇದು ಕೈತಪ್ಪು ಅಲ್ಲ. ಬೇಕಂತ ಮಾಡಿದ್ದು."

"ಹೌದು ಮೇಡಂ."

"ಖಂಡಿತಾ?"

"ಖಂಡಿತಾ ಮೇಡಂ."

"ಈ ಕಡ್ಡಿ ಯಾರ ಮನೇದು?"

"ನಮ್ಮನೇದು," ಅಂದಳು ಅಕ್ಕ.

ಕ್ಯಾರಿಯರನ್ನು ಬೆಂಚಿನ ಮೇಲಿಟ್ಟು ಮುಂದೆ ಬಂದಳು. ಕಣ್ಣು ತುಂಬಿಕೊಂಡಿದ್ದವು. "ನಾನೇ ಕುಂಡದಿಂದ ಕಿತ್ತು ಕೊಟ್ಟೆ, ಮೇಡಂ. ಆವತ್ತು ಸಂಜೆ. ಯಾಕೆ ಏನು ಅಂತ ಕೇಳಲಿಲ್ಲ. ಹೆತ್ತವರು ಕೇಳಿದ್ರೆ ಮಕ್ಕಳು ಕಾರಣ ಕೇಳ್ತಾರಾ?"

"ಯಾರು ಕೇಳಿದ್ದು?"

"ಅಪ್ಪ."

ಗುಬ್ಬಿ ಚಿಕ್ಕಪ್ಪನತ್ತ ನೋಡಿದಳು.

"ನನ್ನ ಗಂಡ ನನ್ನ ಹೊಡೀತಾ ಇದ್ದ, ಮೇಡಂ," ಅಂದಳು ಅಕ್ಕ. ತೋಳನ್ನು ಮೊಣಕೈವರೆಗೆ ಸರಿಸಿ ತೋರಿಸಿದಳು. ಅಲ್ಲಿ ಹಳದಿಗೆ ತಿರುಗಿದ ಕಲೆಗಳಿದ್ದವು. ಅಷ್ಟು ನಿಜ. "ಅಪ್ಪನಿಗೆ ಗೊತ್ತಾಗಿತ್ತು. ಇವನಿಗೆ ಒಂದು ಗತಿ ಕಾಣಿಸ್ತೀನಿ ಅಂತಿದ್ರು. ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ತಂಗಿ ಎಲ್ಲಾ ಬಯಲು ಮಾಡಿದ ಮೇಲೆ ನಾನು ಇನ್ನೇನು ಮುಚ್ಚಿಡ್ಲಿ?"

"ಸುಳ್ಳು," ಅಂದಳು ಗುಬ್ಬಿ. ಎರಡನೇ ಬೆಂಚಿಗೂ ಮುಟ್ಟದ ಧ್ವನಿಯಲ್ಲಿ. "ಮೇಡಂ, ಸುಳ್ಳು. ಚಿಕ್ಕಪ್ಪ ಈಗಷ್ಟೇ ನನ್ನ ಹತ್ರ ಎಲ್ಲಾ ಹೇಳಿದ್ರು. ಬಿಗಿದಿದ್ದು ತಾವೇ ಅಂತ. ಅಕ್ಕ ಹೇಳಿದ್ಲು ಅಂತ. ಹೇಳಿ ಚಿಕ್ಕಪ್ಪ."

ಎಲ್ಲರೂ ಡಬ್ಬದ ಮೇಲೆ ಕೂತಿದ್ದ ಮನುಷ್ಯನ ಕಡೆ ತಿರುಗಿದರು. ಚಿಕ್ಕಪ್ಪ ಮೇಡಂ ಮುಖ ನೋಡಲಿಲ್ಲ. ಗುಬ್ಬಿಯ ಮುಖವನ್ನೂ ನೋಡಲಿಲ್ಲ. ಅಕ್ಕನ ಪಾದಗಳನ್ನು ನೋಡುತ್ತಿದ್ದರು.

"ನಾನೇನು ಹೇಳ್ದೆ?" ಅಂದರು. "ಅಪ್ಪನ್ನ ಬಿಡಿಸ್ಬೇಕು ಅಂತ ಮಗು ಒದ್ದಾಡ್ತಿದೆ, ಪಾಪ. ದೊಡ್ಡೋಳು ಹೇಳಿದ್ದೇ ನಿಜ. ಅಣ್ಣನೇ ಮಾಡಿದ್ದು."

"ಅಪ್ಪ ಊದದೇ ಕಡ್ಡಿ ಹಾಕಲ್ಲ ಮೇಡಂ. ಯಾರನ್ನ ಬೇಕಾದ್ರೂ ಕೇಳಿ."

ಮೇಡಂ ಅವಳ ತಲೆ ಮೇಲೆ ಕೈಯಿಟ್ಟರು. ಕೆಟ್ಟವರಲ್ಲ ಅವರು, ಅದೇ ಹೆಚ್ಚು ಸಂಕಟವಾಯಿತು. "ಊದೋದು ಬಿಡೋದು ಸಾಕ್ಷಿ ಆಗಲ್ಲಮ್ಮ. ಅಳಿಯನ ಮೇಲೆ ಸಿಟ್ಟಿದ್ದ ಮಾವ, ಕಡ್ಡಿ ಕಿತ್ತುಕೊಟ್ಟ ಮಗಳು, ಅದನ್ನೇ ಹೌದು ಅನ್ನೋ ತಮ್ಮ. ಇಷ್ಟು ಸಾಕು." ಕಾನ್‌ಸ್ಟೇಬಲ್ಲನ ಕಡೆ ತಿರುಗಿ ಹೇಳಿದರು. "ಸ್ಟೇಷನ್ನಿಗೆ ಫೋನ್ ಮಾಡು. ಇವರಪ್ಪ ಮೇಸ್ತ್ರಿ ಮೇಲಿರೋದು ಅಜಾಗರೂಕತೆ ಕೇಸಲ್ಲ ಇನ್ಮೇಲೆ. ಕೊಲೆ."

ಹೋಗುವಾಗ ಬಾಗಿಲಲ್ಲಿ ಒಂದು ಕ್ಷಣ ನಿಂತರು. "ನೀನು ಇದನ್ನ ಬಿಚ್ಚಿ ತೋರಿಸದೇ ಇದ್ದಿದ್ರೆ, ಸ್ವಲ್ಪ ವರ್ಷದಲ್ಲಿ ಆಚೆ ಬರ್ತಿದ್ರೇನೋ," ಅಂದರು. ಬೈಗುಳದ ಧಾಟಿಯಲ್ಲಲ್ಲ, ಮರುಕದಿಂದ.

ಜೀಪಿನ ಸದ್ದು ದೋಣಿಕಟ್ಟೆಯ ತಿರುವಿನಲ್ಲಿ ಕರಗಿತು. ಅದರ ಜೊತೆಗೇ ಕಡ್ಡಿಯೂ ಹೋಯಿತು, ಮಣ್ಣೂ ಹೋಯಿತು, ಕಾನ್‌ಸ್ಟೇಬಲ್ಲನೂ ಹೋದ. ಶೆಡ್ಡಿನಲ್ಲಿ ಮೂವರೇ ಉಳಿದರು.

ಗುಬ್ಬಿ ನಿಂತಲ್ಲೇ ನಿಂತಿದ್ದಳು. ಸ್ಟೇಷನ್ನಿನವರೆಗೆ ಓಡಬೇಕು, ಅಪ್ಪನಿಗೆ ಹೇಳಬೇಕು, ನಿಮ್ಮ ಕೈ ಸೋತಿಲ್ಲ ಅಂತ. ಅಷ್ಟಾದರೂ ಹೇಳಬೇಕು. ಬಾಗಿಲಿಗೂ ಅವಳಿಗೂ ನಡುವೆ ಅಕ್ಕ ಇದ್ದಳು.

ಅಕ್ಕ ಬೆಂಚಿನ ಮೇಲಿನ ಪಾನಗಳನ್ನು ಒಂದು ಮೂಲೆಗೆ ಸರಿಸಿ, ಬಟ್ಟೆಯಿಂದ ಜಾಗ ಒರೆಸಿದಳು. ಕ್ಯಾರಿಯರಿನ ಕೊಂಡಿ ತೆಗೆದು, ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ಮುಚ್ಚಳ ಬಿಚ್ಚಿದಳು. ಎರಡು ತಟ್ಟೆ ಇಟ್ಟಳು. ತನಗಿಟ್ಟುಕೊಳ್ಳಲಿಲ್ಲ.

"ನೀನು ಊಟ ಮಾಡಲ್ವಾ?" ಅಂದಳು ಗುಬ್ಬಿ, ಏನಾದರೂ ಅನ್ನಬೇಕಲ್ಲ ಅಂತ.

"ನನ್ನದಾಯ್ತು," ಅಂದಳು ಅಕ್ಕ. ಬಡಿಸಿ, ತಟ್ಟೆಯನ್ನು ತಂಗಿಯ ಕಡೆ ಸರಿಸಿದಳು. ನಗು ಹಳೆಯದೇ, ಚಿಕ್ಕಂದಿನಲ್ಲಿ ಜಡೆ ಹೆಣೆಯುವಾಗಿನದು. "ಕೂತ್ಕೋ. ಖಾಲಿ ಹೊಟ್ಟೇಲಿ ಇಲ್ಲದ ಯೋಚನೆಗಳು ಬರತ್ತೆ. ಚಿಕ್ಕಪ್ಪ, ನೀವೂ ಬನ್ನಿ."

ಚಿಕ್ಕಪ್ಪ ಎದ್ದು ಬಂದರು. ಊಟ ಅಂದರೆ ಅರ್ಧ ಬಿಚ್ಚಿದ ಎಂಜಿನ್ನನ್ನೂ ಬಿಟ್ಟು ಕೂರುವ ಮನುಷ್ಯ. ತಟ್ಟೆಯ ಮುಂದೆ ಕೂತರು. ಕೈಯನ್ನು ತಟ್ಟೆಯ ಅಂಚಿಗಿಟ್ಟು, ಅಲ್ಲಿಯೇ ಬಿಟ್ಟರು.

ಅಕ್ಕ ನೀರು ತುಂಬಿಸಲು ನಲ್ಲಿಯ ಕಡೆ ತಿರುಗಿದಳು.

ಗುಬ್ಬಿ ತುತ್ತು ಕಲಸಿ ಎತ್ತಿದ್ದಳು. ಎದುರಿಗೆ ಚಿಕ್ಕಪ್ಪನ ಕಣ್ಣು ಮೊದಲ ಬಾರಿಗೆ ಅವಳ ಕಣ್ಣಿಗೆ ಸಿಕ್ಕಿತು. ಅವರು ಅಕ್ಕನ ಬೆನ್ನಿನ ಮೇಲೆ ಒಂದು ಕಣ್ಣಿಟ್ಟು, ಗುಬ್ಬಿಯ ತುತ್ತನ್ನೊಮ್ಮೆ ನೋಡಿ, ತಲೆಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಆಡಿಸಿದರು.

ಬೇಡ.